ಎಲ್ಲರ ಮಾತು ಕೇಳಿದ ಮಸಾಲೆ ದೋಸೆ

ನಮ್ಮ ಮನೆಯ ಸಾರಿಗೆ ಉಪ್ಪು ಹಾಕುವವರು ಯಾರು ಎಂಬ ಪ್ರಶ್ನೆ ಇವತ್ತಿಗೂ ಇತ್ಯರ್ಥವಾಗಿಲ್ಲ. ಅವ್ವ ಹಾಕುತ್ತಾಳೆ. ಒಲೆಯ ಮುಂದೆ ನಿಂತವಳು ಅವಳು, ಅದು ಅವಳ ಹಕ್ಕು. ಅವಳು ಕರಿಬೇವು ಕೀಳಲು ಆಚೆ ಹೋದಳೆಂದರೆ ನೀರು ಕುಡಿಯುವ ನೆಪದಲ್ಲಿ ಅಪ್ಪ ಒಳಗೆ ಬರುತ್ತಾರೆ. ಸೌಟಿನಿಂದ ಅಂಗೈಗೆ ತುಸು ಸುರಿದುಕೊಂಡು ನೆಕ್ಕಿ, "ಸಪ್ಪಗ ಐತಿ" ಎಂದು ತಮಗೆ ತಾವೇ ಹೇಳಿಕೊಂಡು ಒಂದು ಚಿಟಿಕೆ ಉದುರಿಸಿ ಹೋಗುತ್ತಾರೆ. ಅವರ ಹಿಂದೆ ಅಜ್ಜಿ. ಅಜ್ಜಿಯ ನಾಲಿಗೆಗೆ ಉಪ್ಪು ತಿಳಿಯುವುದು ನಿಂತು ಎಷ್ಟೋ ಕಾಲವಾಗಿದೆ, ಆದರೆ ಆ ಸುದ್ದಿ ಅವಳ ಕೈಗೆ ಇನ್ನೂ ಮುಟ್ಟಿಲ್ಲ. ಆಮೇಲೆ ತಂಗಿ. ಆಮೇಲೆ ನಾನು. ಊಟಕ್ಕೆ ಕೂತು ಮೊದಲ ತುತ್ತು ಬಾಯಿಗಿಟ್ಟಾಗ ಎಲ್ಲರ ಕಣ್ಣೂ ಅಗಲವಾಗಿ ಎಲ್ಲರೂ ಅವ್ವನ ಕಡೆ ತಿರುಗುತ್ತೇವೆ. ಪಾಪ, ಅವಳು ಹಾಕಿದ್ದು ಸರಿಯಾಗಿಯೇ ಇತ್ತು.

ಇಂಥ ಮನೆಯ ಯಜಮಾನರಾದ ನನ್ನಪ್ಪ ಧಾರವಾಡದ ಕಡೆಯಿಂದ ಬಂದು, ನಾಸಿಕ್ ಹತ್ತಿರ ಓಝರ್‌ನ ವಿಮಾನ ಕಾರ್ಖಾನೆಯಲ್ಲಿ ನಿವೃತ್ತಿಯವರೆಗೂ ದುಡಿದವರು. ಅಲ್ಲಿಯ ಒಂದು ನಿಯಮವನ್ನು ಅವರು ನಮಗೆ ಮಗ್ಗಿಗಿಂತ ಮೊದಲು ಕಲಿಸಿದ್ದರು. ಒಮ್ಮೆ ಸಹಿ ಬಿದ್ದ ಡ್ರಾಯಿಂಗಿನ ಮೇಲೆ ಯಾರೂ ಪೆನ್ಸಿಲ್ ಆಡಿಸುವ ಹಾಗಿಲ್ಲ. ಒಂದು ತೂತು ಕೂದಲೆಳೆಯಷ್ಟು ಪಕ್ಕಕ್ಕೆ ಸರಿಯಬೇಕಾದರೂ ಹೊಸ ಡ್ರಾಯಿಂಗ್ ಹೊರಡಿಸಬೇಕು, ಹಳೆಯದು ಇದ್ದ ಹಾಗೇ ಇರಬೇಕು. "ತಿದ್ದಿದ ಡ್ರಾಯಿಂಗ್ ಅಂದ್ರ ಬಿದ್ದ ವಿಮಾನ, ತಿಳಕೋವಾ" ಎನ್ನುತ್ತಿದ್ದರು. ಇಷ್ಟು ಶಿಸ್ತಿನ ಮನುಷ್ಯ ಮನೆಯ ಹೊಸ್ತಿಲು ದಾಟಿದ ಕೂಡಲೇ ಫ್ಯಾನಿನ ವೇಗ, ಟಿವಿಯ ಚಾನಲ್ಲು, ಸಾರಿನ ಉಪ್ಪು, ಯಾವುದನ್ನೂ ಇದ್ದ ಹಾಗೆ ಬಿಡುವವರಲ್ಲ. ಹೋಟೆಲಿಗೆ ಹೋದರಂತೂ ಮುಗಿದೇ ಹೋಯಿತು. ಕಾರ್ಡಿನಲ್ಲಿರುವುದನ್ನು ಇದ್ದಂತೆ ತರಿಸಿಕೊಂಡರೆ ಮರ್ಯಾದೆ ಕಡಿಮೆ ಎಂದು ಅವರ ನಂಬಿಕೆ. ಅವರ ಕಾಲೊನಿಯ ಗೆಳೆಯರೂ ಅದೇ ಅಚ್ಚಿನಲ್ಲಿ ಎರಕ ಹೊಯ್ದವರು.

ನಾನು ಹೊಟ್ಟೆಪಾಡಿಗೆ ಪ್ರೋಗ್ರಾಂ ಬರೆಯುತ್ತೇನೆ. ನಾಸಿಕ್‌ನಲ್ಲಿ ಒಂದು ಕೋಣೆ, ಎರಡು ಮೇಜು, ಒಬ್ಬ ಪಾಲುದಾರ, ಇಷ್ಟೇ ನಮ್ಮ ಕಂಪನಿ. ಸಿನ್ನರ್‌ನ ಸಣ್ಣಪುಟ್ಟ ಕಾರ್ಖಾನೆಗಳ ಗೋದಾಮಿಗೆ ಸಾಫ್ಟ್‌ವೇರ್ ಮಾಡಿಕೊಡುವುದು ನಮ್ಮ ದಿನದ ರೊಟ್ಟಿ. ನಮ್ಮ ಕಸುಬಿನಲ್ಲಿ ಪ್ರತಿ ವಸ್ತುವಿಗೂ ಒಂದು ಆಬ್ಜೆಕ್ಟ್ ಇರುತ್ತದೆ. ಬೋಲ್ಟ್ ಎಂದರೆ ಒಂದು ಆಬ್ಜೆಕ್ಟ್, ಅದರೊಳಗೆ ಅದರ ಉದ್ದ, ದಪ್ಪ, ಬೆಲೆ. ಫಜೀತಿ ಎಲ್ಲಿದೆ ಎಂದರೆ, ಪ್ರೋಗ್ರಾಮಿನ ಹತ್ತು ಕಡೆ ಆ ಬೋಲ್ಟಿನ ಹೆಸರಿದ್ದರೂ ಹತ್ತು ಬೋಲ್ಟ್ ಇರುವುದಿಲ್ಲ. ಹತ್ತೂ ಕಡೆಯವರು ಬೆರಳು ಮಾಡಿ ತೋರಿಸುವುದು ಅದೊಂದನ್ನೇ. ಒಬ್ಬ ಅದರ ಉದ್ದ ಬದಲಿಸಿದನೋ, ಉಳಿದವರಿಗೆ ಗೊತ್ತೇ ಆಗದ ಹಾಗೆ ಅವರದ್ದೂ ಬದಲಾಗಿರುತ್ತದೆ. ಥೇಟು ನಮ್ಮ ಮನೆಯ ಸಾರು. ಇದಕ್ಕೆ ಮದ್ದು ಒಂದೇ. ಆಬ್ಜೆಕ್ಟ್ ಒಮ್ಮೆ ಹುಟ್ಟಿದ ಮೇಲೆ ಯಾರೂ ಅದನ್ನು ಬದಲಿಸಲಾಗದ ಹಾಗೆ ಕಟ್ಟಬೇಕು. ಬದಲಾವಣೆ ಬೇಕಾದವನು ತನ್ನ ಬದಲಾವಣೆಯ ಸಮೇತ ಹೊಸದೊಂದನ್ನು ಮಾಡಿಕೊಳ್ಳಲಿ, ಹಳೆಯದರ ತಂಟೆಗೆ ಹೋಗದಿರಲಿ. ಸಾರನ್ನು ನಿನ್ನ ಬಟ್ಟಲಿಗೆ ಹಾಕಿಕೋ, ಅಲ್ಲಿ ಉಪ್ಪಿನ ಮೂಟೆಯನ್ನೇ ಸುರುವಿಕೋ, ನಿನ್ನ ಬಾಯಿ ನಿನ್ನ ಹಣೆಬರಹ. ಪಾತ್ರೆಗೆ ಮಾತ್ರ ಕೈ ಹಾಕಬೇಡ ಮಹಾರಾಯ.

ಇದನ್ನು ನನ್ನ ಪಾಲುದಾರನಿಗೆ ಹೇಳಿ ಹೇಳಿ ನನ್ನ ನಾಲಿಗೆ ಸವೆದಿದೆ. ಅವನು ನಾಸಿಕ್‌ನ ಮರಾಠಿ ಗೃಹಸ್ಥ, ನನ್ನ ಜೊತೆ ಓದಿದವನು, ಮನೆಗೆ ಬೆಂಕಿ ಬಿದ್ದರೂ ಮೊದಲು ಚಹಾ ಮುಗಿಸುವ ಜಾಯಮಾನ. ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ನಮ್ಮ ಜಗಳ ಕೇಳಿ ಕೇಳಿ ಕೆಳಗಿನ ಝೆರಾಕ್ಸ್ ಅಂಗಡಿಯವರು ನಮ್ಮನ್ನು ಬಹಳ ದಿನ ಗಂಡ ಹೆಂಡತಿ ಎಂದೇ ತಿಳಿದಿದ್ದರು. ಪ್ರತಿಯೊಂದಕ್ಕೂ ಹೊಸದು ಹೊಸದು ಎಂದು ಮಾಡುತ್ತ ಹೋದರೆ ಮೆಮೊರಿಯ ಗತಿಯೇನು ಎಂದು ಅವನು ಮರಾಠಿಯಲ್ಲಿ ಕೇಳುತ್ತಿದ್ದ. "ನಿನ್ನ ಮೆಮೊರಿಗಿಷ್ಟು ಮಣ್ಣ ಹಾಕ" ಎಂದು ನಾನು ಕನ್ನಡದಲ್ಲಿ ಉತ್ತರ ಕೊಡುತ್ತಿದ್ದೆ. ಅವನಿಗೆ ಕನ್ನಡ ಬಾರದಿರುವುದೇ ನಮ್ಮ ಪಾಲುದಾರಿಕೆಯ ಬುನಾದಿ.

ಇನ್ನು ತಂಗಿಯ ಕಥೆ. ಅವಳನ್ನು ಛತ್ರಪತಿ ಸಂಭಾಜಿನಗರದ ಒಂದು ಹೋಟೆಲ್ ಮನೆತನಕ್ಕೆ ಕೊಟ್ಟಿದ್ದೇವೆ. ಉಡುಪಿ ಕಡೆಯವರು, ಅಲ್ಲಿ ಶುದ್ಧ ಸಸ್ಯಾಹಾರಿ ಹೋಟೆಲ್ ನಡೆಸಿಕೊಂಡು ಬಂದವರು. ತಂಗಿಯ ಮಾವ, ಅಂದರೆ ನಮ್ಮ ಬೀಗರು, ಮಾತು ಕಡಿಮೆ, ಹೆಗಲ ಮೇಲೆ ಸದಾ ಒಂದು ಬಿಳಿ ಟವೆಲ್ಲು, ಅವರ ಭಾಷೆಯಲ್ಲಿ ಬೈರಾಸು. ಬೈರಾಸು ಹೆಗಲಲ್ಲಿದ್ದರೆ ಅವರು ಗಲ್ಲಾದ ಮಾಲೀಕರು. ಅದು ಸೊಂಟಕ್ಕೆ ಇಳಿಯಿತೆಂದರೆ ಅಡುಗೆಮನೆಗೆ ಹೊರಟರು ಎಂದರ್ಥ, ಆಗ ಒಳಗಿದ್ದ ಭಟ್ಟರಿಂದ ಹಿಡಿದು ಎಲ್ಲರೂ ಉಸಿರು ಬಿಗಿಹಿಡಿದು ನಿಲ್ಲಬೇಕು.

ನಾವು ಮೊದಲ ಸಲ ಅವರ ಮನೆಗೆ ಊಟಕ್ಕೆ ಹೋದಾಗ ಅಪ್ಪ ತಮ್ಮ ಬುದ್ಧಿ ತೋರಿಸಿಯೇಬಿಟ್ಟರು. ಸಾಂಬಾರನ್ನು ಒಂದು ಸಲ ಸುರ್ರೆಂದು ಹೀರಿ, "ಬೀಗರ, ಬೆಲ್ಲ ಒಂದೀಟ ಮುಂದಾಗೇತಿ. ಖಾರ ಹಾಕಿಸ್ರೆಲಾ" ಎಂದರು. ಪಂಕ್ತಿಗೆ ಪಂಕ್ತಿಯೇ ಕೈ ನಿಲ್ಲಿಸಿತು. ಅವ್ವ ಎಲೆಯ ಅಂಚಿನಲ್ಲಿ ಮುಖ ಹುದುಗಿಸಲು ಜಾಗ ಹುಡುಕಿದಳು. ಬೀಗರು ಮಾತ್ರ ಮೆಲ್ಲಗೆ ನಕ್ಕರು.

"ಮಾರಾಯ್ರೆ, ನಮ್ಮಲ್ಲಿ ಮನೆಯವರು ಬಡಿಸಿದ್ದು ತಿನ್ನುವುದು. ಹೆಚ್ಚು ಕಮ್ಮಿ ಕೇಳುವವ ಗಿರಾಕಿ. ನೀವು ಮನೆಯವರಾ, ಗಿರಾಕಿಯಾ, ಅದೊಂದು ಹೇಳಿ."

"ಮನ್ಯಾವರರೀ" ಎಂದು ಅಪ್ಪ ಆ ಸಿಹಿ ಸಾಂಬಾರನ್ನು ಔಷಧಿಯಂತೆ ಕಣ್ಣು ಮುಚ್ಚಿ ಕುಡಿದರು.

ಗಿರಾಕಿಯ ಆ ಮಾತನ್ನು ಬೀಗರು ಬಾಯಿಮಾತಿಗೆ ಹೇಳಿದ್ದಲ್ಲ. ಆ ಮನೆಯವರು ತಮ್ಮ ಹೋಟೆಲಿನಲ್ಲಿ ಕೂತು ಇದು ಬೇಡ ಅದು ಜಾಸ್ತಿ ಎಂದು ಒಂದು ದಿನವೂ ಕೇಳಿದ್ದಿಲ್ಲ. ನನ್ನ ತಂಗಿಗೆ ಅಲ್ಲಿ ಮೊದಮೊದಲು ಬಂದ ಕಷ್ಟವೂ ಅದೇ. ಎದುರಿಗೆ ಹಾದು ಹೋಗುವ ಯಾವ ಪಾತ್ರೆಗೂ ಬೆರಳಿಡದೆ ಬಿಡುವ ಅಭ್ಯಾಸ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲವಲ್ಲ. ಅವಳು ಹಾದಿಯಲ್ಲಿ ಹೋಗುವ ಚಟ್ನಿ, ಪಲ್ಯ, ಹಿಟ್ಟು ಎಲ್ಲಕ್ಕೂ ಕೈ ಹಾಕಿ ನಾಲಿಗೆಗಿಡುತ್ತಿದ್ದಳು. ಬೀಗರು ಅದನ್ನು ನೋಡಿ, "ಎಂತ ಮಗಾ, ಭಟ್ಟರು ಸರಿಯಾಗಿಯೇ ಮಾಡ್ತಾರೆ. ನೀನು ಎಲ್ಲದಕ್ಕೂ ಯಾಕೆ ಕೈ ಹಾಕುವುದು?" ಎಂದಿದ್ದರು. ತಂಗಿ ಫೋನಿನಲ್ಲಿ ನನಗೆ ಹೇಳಿ ಅತ್ತಿದ್ದಳು. ಅತ್ತು ಮುಗಿಸಿ, ಆ ದಿನದ ಪಲ್ಯಕ್ಕೆ ನಿಜವಾಗಿಯೂ ಉಪ್ಪು ಕಡಿಮೆಯಿತ್ತು ಎಂದೂ ಹೇಳಿದ್ದಳು.

ಅವಳ ತಲೆಯಲ್ಲಿ ಒಂದೇ ಹುಳ. ನಾಸಿಕ್‌ನಲ್ಲಿ ಹೋಟೆಲಿನ ಇನ್ನೊಂದು ಶಾಖೆ ತೆರೆಯಬೇಕು, ಅದನ್ನು ತಾನೇ ನಡೆಸಬೇಕು. ಗಂಡ ಒಪ್ಪಿದ, ಪುಣ್ಯಾತ್ಮ, ಅವನು ಒಪ್ಪದ್ದು ಯಾವುದೂ ಇಲ್ಲ. ಬೀಗರು ಬಹಳ ದಿನ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಕೊನೆಗೊಂದು ದಿನ ಷರತ್ತು ಹಾಕಿದರು. "ಶುರು ಮಾಡಿ. ಮೊದಲ ದಿನ ನಾನು ಬಂದು ಕೂತ್ಕೊಳ್ತೇನೆ. ನಾನು ಬೈರಾಸು ಸೊಂಟಕ್ಕೆ ಕಟ್ಟಿ ನಿಮ್ಮ ಅಡುಗೆಮನೆಗೆ ಇಳೀಬೇಕಾದ ಪರಿಸ್ಥಿತಿ ಬಂತಾ, ಬಾಗಿಲು ಹಾಕಿ ನನ್ನೊಟ್ಟಿಗೇ ವಾಪಸ್ ಬರಬೇಕು. ಇಳಿಯದಿದ್ರೆ ಆಮೇಲೆ ನೋಡುವ." ಆ 'ನೋಡುವ' ಎಂಬುದರ ಮೇಲೆ ನನ್ನ ತಂಗಿ ಗಂಡ, ಮಗಳ ಸಮೇತ ತನ್ನ ಸಂಸಾರ ಕಟ್ಟಿಕೊಂಡು ನಾಸಿಕ್‌ಗೆ ಬಂದಳು. ಬಂದವಳು ತನ್ನ ಟ್ರಂಕನ್ನು ಮಾತ್ರ ಬಿಚ್ಚಲಿಲ್ಲ. "ವಾಪಸ್ ಕಟ್ಟೂದಾದ್ರ ಯಾಕ ಬಿಚ್ಚೂದು?" ಎಂದು ಮೇಲಿನ ನಾಲ್ಕು ಸೀರೆಗಳನ್ನೇ ತಿರುಗಿಸಿ ಮುರುಗಿಸಿ ಉಡುತ್ತಿದ್ದಳು.

ಎರಡೂ ಹೋಟೆಲಿಗೆ ಒಂದೇ ಸಾಫ್ಟ್‌ವೇರ್ ಬೇಕೆಂದು ತಂಗಿ ನನ್ನನ್ನು ಹಿಡಿದಳು. ವೇಟರ್ ಕೈಯಲ್ಲಿ ಟ್ಯಾಬ್, ಅಡುಗೆಮನೆಯಲ್ಲಿ ಪರದೆ. ಇಲ್ಲಿ ಒತ್ತಿದರೆ ಅಲ್ಲಿ ಮೂಡಬೇಕು, ಚೀಟಿ ಬರೆಯುವ ಗೋಜೇ ಇರಬಾರದು. ನಾನು ಆಗ ಸಿನ್ನರ್‌ನ ಒಂದು ಗೋದಾಮಿನಲ್ಲಿ ಸಿಕ್ಕಿಬಿದ್ದಿದ್ದೆ. ತಿನಿಸುಗಳ ಭಾಗವನ್ನು ಬರೆಯಲು ಪಾಲುದಾರನಿಗೆ ಒಪ್ಪಿಸಿ, ಸಾವಿರ ಸಲ ಬಜಾಯಿಸಿ ಹೇಳಿದೆ: ಮಸಾಲೆ ದೋಸೆಯ ಆಬ್ಜೆಕ್ಟನ್ನು ಯಾರೂ ಬದಲಿಸುವ ಹಾಗಿರಬಾರದು. ಅವನು ಚಹಾ ಕುಡಿಯುತ್ತ, "ಫೈನಲ್ ಕೇಲಂಯ್ ನಾ ಮೀ" ಎಂದ, ಅಂದರೆ ಫೈನಲ್ ಮಾಡಿದ್ದೇನಲ್ಲ ಎಂದು. ನಾನೂ ನಂಬಿದೆ.

ಪ್ರೋಗ್ರಾಮಿನಲ್ಲಿ ಬರೆಯುವ ಈ ಫೈನಲ್ ಎಂಬುದು ಬಲು ಮೋಸದ ಪದ. ಅದನ್ನು ಹಚ್ಚಿದರೆ ಒಂದು ಹೆಸರು ಒಂದೇ ವಸ್ತುವಿಗೆ ಗಂಟು ಬೀಳುತ್ತದೆ, ಅಷ್ಟೇ. ಆ ವಸ್ತುವಿನ ಒಳಗಿರುವುದಕ್ಕೆ ಅದರಿಂದ ಯಾವ ಕಾವಲೂ ಇಲ್ಲ. ಸಾರಿನ ಪಾತ್ರೆಯನ್ನು ಒಲೆಗೆ ಬೆಸುಗೆ ಹಾಕಿ, ಮುಚ್ಚಳ ತೆಗೆದಿಟ್ಟ ಹಾಗೆ. ಪಾತ್ರೆ ಕದಲುವುದಿಲ್ಲ, ನಿಜ. ಉಪ್ಪು ಹಾಕುವವರಿಗೆ ಅಡ್ಡಿಯೇನು? ನನ್ನ ಪಾಲುದಾರ ದೋಸೆಗೆ ಬೆಸುಗೆ ಹಾಕಿದ್ದ. ಅದರೊಳಗಿನ ಪಲ್ಯ, ಬೆಣ್ಣೆ, ಚಟ್ನಿ ಎಲ್ಲ ಬಯಲಿಗೆ ಬಿದ್ದಿದ್ದವು.

ಸಂಭಾಜಿನಗರದಲ್ಲಿ ಮೊದಲು ಕೆಲವು ದಿನ ಪರೀಕ್ಷೆ ಮಾಡಿದೆವು. ಏನೂ ತೊಂದರೆ ಕಾಣಲಿಲ್ಲ, ಕಾಣುವುದು ಹೇಗೆ? ಮನೆಯವರು ಬಡಿಸಿದ್ದು ತಿನ್ನುವ ಜನ. ಗಿರಾಕಿಗಳು ಈರುಳ್ಳಿ ಬೇಡ ಎಂದರೆ ಅಲ್ಲಿಯ ಹಳೆಯ ವೇಟರ್‌ಗಳು ಟ್ಯಾಬಿನಲ್ಲಿ ಬರೀ ತಿಂಡಿಯ ಹೆಸರು ಒತ್ತಿ, 'ಬೇಡ'ವನ್ನು ಅಡುಗೆಮನೆಯ ಕಿಂಡಿಗೆ ಬಾಯಿಟ್ಟು ಕೂಗುತ್ತಿದ್ದರು. ಇದು ಬೇಡ, ಅದು ಜಾಸ್ತಿ ಎಂದು ಒತ್ತಲು ಟ್ಯಾಬಿನಲ್ಲಿ ಇಟ್ಟಿದ್ದ ಬದಲಾವಣೆಯ ಗುಂಡಿಯನ್ನು ಆ ಊರಿನಲ್ಲಿ ಒಬ್ಬರೂ ಮುಟ್ಟಿರಲಿಲ್ಲ. ನಾಸಿಕ್‌ನ ಹೊಸ ವೇಟರ್‌ಗಳಿಗೆ ಮಾತ್ರ ತಂಗಿ ಪ್ರತಿಯೊಂದನ್ನೂ ಟ್ಯಾಬಿನಲ್ಲೇ ಒತ್ತಬೇಕೆಂದು ತಾಕೀತು ಮಾಡಿದ್ದಳು.

ಹೋಟೆಲ್ ತೆರೆದ ದಿನ ಬೆಳಿಗ್ಗೆ ಪೂಜೆ ಮುಗಿಯಿತು. ಬೀಗರು ಬಾಗಿಲ ಪಕ್ಕದ ಕುರ್ಚಿಯಲ್ಲಿ ಅಡುಗೆಮನೆಗೆ ಮುಖ ಮಾಡಿ ಕೂತರು, ಬೈರಾಸು ಹೆಗಲಲ್ಲಿ. ತಂಗಿ ತಿಂಡಿ ಹೊರಗೆ ಬರುವ ಕಿಂಡಿಯ ಬಳಿ ನಿಂತಳು. ಅವಳ ಗಂಡ ಗಲ್ಲಾದಲ್ಲಿ. ಮೊದಲ ಗಿರಾಕಿಗಳು ಯಾರು? ಅಪ್ಪ ಮತ್ತು ಅವರ ಓಝರ್ ಕಾಲೊನಿಯ ದಂಡು, ಇಸ್ತ್ರಿ ಹಾಕಿದ ಅಂಗಿಗಳಲ್ಲಿ. ಎಲ್ಲರಿಗೂ ಮಸಾಲೆ ದೋಸೆಯೇ ಬೇಕು. ಆದರೆ ಯಾರಿಗೂ ಮಸಾಲೆ ದೋಸೆ ಇದ್ದ ಹಾಗೆ ಬೇಡ.

"ನನಗ ಬೆಣ್ಣಿ ಬ್ಯಾಡಪಾ, ಡಾಕ್ಟರ್ ಬೈತಾರ" ಎಂದು ಅಪ್ಪ ನಾಂದಿ ಹಾಡಿದರು. ವೇಟರ್ ಒತ್ತಿದ.

ಪಕ್ಕದವರಿಗೆ ಸಕ್ಕರೆ ಕಾಯಿಲೆ. "ನನಗ ಬಟಾಟಿ ಪಲ್ಯ ಬ್ಯಾಡ್ರಿ." ಒತ್ತಿದ.

ಮೂರನೆಯವರು ಬೆಳ್ಳುಳ್ಳಿ ಬಿಟ್ಟವರು. "ಕೆಂಪ ಚಟ್ನಿ ಹಚ್ಚಬ್ಯಾಡ್ರಿ." ಒತ್ತಿದ.

ನಾಲ್ಕನೆಯವರಿಗೆ ಹೊಸ ಹಲ್ಲಿನ ಸೆಟ್ಟು. "ಗರಿಗರಿ ಬ್ಯಾಡೋ ತಮ್ಮಾ, ಮೆತ್ತಗ ಮಾಡಿಸು, ಹಲ್ಲ ಇನ್ನೂ ರೂಢಿ ಆಗಿಲ್ಲ." ಅದನ್ನೂ ಒತ್ತಿದ. ಆಮೇಲೆ ದಂಡಿನಲ್ಲಿದ್ದ ಮೌಶಿಯೊಬ್ಬರು, ಅಂದರೆ ಚಿಕ್ಕಮ್ಮ, ಎಣ್ಣೆಯೇ ಇಲ್ಲದ ದೋಸೆ ಬೇಕೆಂದರು, ಅದೇನು ದೋಸೆಯೋ ಆ ದೇವರಿಗೇ ಗೊತ್ತು.

ನಾನು ಮೂಲೆಯ ಮೇಜಿನಲ್ಲಿ ಲ್ಯಾಪ್‌ಟಾಪ್ ತೆರೆದು, ಆರ್ಡರುಗಳು ಸರಸರನೆ ಹೋಗುವುದನ್ನು ನೋಡಿ ಹಿಗ್ಗುತ್ತ ಕೂತಿದ್ದೆ. ಅಷ್ಟರಲ್ಲಿ ಹೊರಗಿನ ಗಿರಾಕಿಗಳೂ ಬರತೊಡಗಿದರು. ಮೇಜುಗಳೆಲ್ಲ ತುಂಬಿದವು. ಬೀಗರು ಒಂದು ಕಾಲಿನ ಮೇಲೆ ಇನ್ನೊಂದು ಕಾಲು ಹಾಕಿದ್ದನ್ನು ಕಂಡು ತಂಗಿ ನನ್ನ ಕಡೆ ಕಣ್ಣು ಮಿಟುಕಿಸಿದಳು.

ಮೊದಲ ದೋಸೆ ಅಪ್ಪನಿಗೆ ಬಂತು. ಅವರು ಅದರ ಮಡಿಕೆ ಬಿಡಿಸಿ ಒಳಗೆ ಇಣುಕಿದರು. ತಿರುವಿ ಹಾಕಿ ಬೆನ್ನನ್ನೂ ನೋಡಿದರು. "ಪಲ್ಯ ಎಲ್ಲೈತಿ? ನಾ ಬೆಣ್ಣಿ ಬ್ಯಾಡಂದೆ, ಪಲ್ಯ ಬ್ಯಾಡ ಅಂದಿಲ್ಲಲಾ" ಎಂದರು. ಆಮೇಲೆ ಗೆಳೆಯರ ಕಿವಿಯಲ್ಲಿ, ಅಂದರೆ ಇಡೀ ಹೋಟೆಲಿಗೆ ಕೇಳುವಂತೆ, "ಬೀಗರ ಕೈ ಭಾಳ ಬಿಗಿ ನೋಡ್ರಿ" ಎಂದರು. ಆಚೆ ಮೇಜಿನ ಮರಾಠಿ ಹೆಂಗಸು ದೋಸೆಯನ್ನು ಒದ್ದೆ ಕರವಸ್ತ್ರದಂತೆ ಎರಡು ಬೆರಳಲ್ಲಿ ಎತ್ತಿ ಹಿಡಿದು, "ಅಹೋ, ಮಸಾಲಾ ಕುಠೇ ಆಹೇ?" ಎಂದು ಕೇಳಿದಳು. ಮಸಾಲೆ ಎಲ್ಲಿದೆ ಎಂಬ ಆ ಪ್ರಶ್ನೆ ಮೇಜಿನಿಂದ ಮೇಜಿಗೆ ಹಬ್ಬಿತು. ಬೀಗರ ಮೇಲಿನ ಕಾಲು ಕೆಳಗಿಳಿಯಿತು.

ಅದೇ ಹೊತ್ತಿಗೆ ಕಿಂಡಿಯಿಂದ ಹೊರಬಿದ್ದ ಒಂದು ತಾಟಿನ ಮೇಲೆ ತಂಗಿಯ ಕೈ ಬಿತ್ತು. ಯಾರೂ ಹೇಳಬೇಕಾಗಿರಲಿಲ್ಲ, ಅವಳ ಕೈ ಹುಟ್ಟಿದ್ದೇ ಹಾಗೆ. ದೋಸೆಯ ಅಂಚು ಹರಿದು ಬಾಯಿಗಿಟ್ಟುಕೊಂಡವಳು ಅಲ್ಲೇ ನಿಂತಳು. ಇನ್ನೊಂದು ತಾಟು ಎಳೆದುಕೊಂಡು ಅದನ್ನೂ ಹರಿದು ತಿಂದಳು.

"ಅಕ್ಕಾ, ಇಲ್ಲಿ ಬಾ ಲಗೂನ."

ಹೋಗಿ ಅಡುಗೆಮನೆಯ ಪರದೆ ನೋಡಿದೆ. ಮೇಲಿನಿಂದ ಕೆಳಗಿನವರೆಗೆ ಸಾಲು ಸಾಲು ಮಸಾಲೆ ದೋಸೆ, ಪ್ರತಿಯೊಂದರ ಮುಂದೆಯೂ ಒಂದೇ ಬಾಲ: ಬೆಣ್ಣೆ ಇಲ್ಲ, ಪಲ್ಯ ಇಲ್ಲ, ಕೆಂಪು ಚಟ್ನಿ ಇಲ್ಲ, ಎಣ್ಣೆ ಇಲ್ಲ, ಮೆತ್ತಗೆ. ಕಾವಲಿಯ ಮುಂದಿನ ಭಟ್ಟರು ಹೊಸಬರು. ಪರದೆ ಹೇಳಿದ್ದನ್ನೇ ಮಾಡಬೇಕೆಂದು ಅವರಿಗೆ ಕಟ್ಟಪ್ಪಣೆಯಾಗಿತ್ತು, ಪಾಪ, ಬೆವರು ಸುರಿಸುತ್ತ ಮಾಡುತ್ತಿದ್ದರು. ಐದು ಜನರ ಐದು ಪಥ್ಯವನ್ನು ಒಂದೇ ದೋಸೆ ಹೊತ್ತುಕೊಂಡು ಊರಿಗೆಲ್ಲ ಹಂಚುತ್ತಿತ್ತು. ನಾಚಿಕೆ ಬಿಟ್ಟು ಹೇಳುತ್ತೇನೆ, ಅದನ್ನು ನೋಡಿದ ಕೂಡಲೇ ನನಗೆ ಆದದ್ದು ಸಂತೋಷ. ಕೊನೆಗೂ ನಾನು ಹೇಳಿದ್ದೇ ನಿಜವಾಯಿತಲ್ಲ! ಪಾಲುದಾರನಿಗೆ ಫೋನ್ ಹಚ್ಚಿ ಬಾಯ್ತುಂಬ ಬೈಯಬೇಕೆಂದು ನಂಬರ್ ಒತ್ತುವಾಗ ತಂಗಿಯ ಮುಖ ಕಂಡಿತು. ಅವಳು ಪರದೆಯನ್ನು ನೋಡುತ್ತಿರಲಿಲ್ಲ. ಬೀಗರು ಕುರ್ಚಿಯಿಂದ ಅರ್ಧ ಎದ್ದಿದ್ದರು. ಅವರ ಕೈ ಬೈರಾಸಿನ ಮೇಲಿತ್ತು.

"ಸರಿ ಮಾಡಾಕ ಎಷ್ಟೊತ್ತ ಬೇಕು?" ಎಂದಳು ತಂಗಿ.

"ಬಂದ್ ಮಾಡಿ ಚಾಲೂ ಮಾಡಿದ್ರ ದೋಸಿ ಮೊದಲಿನಂಗ ಆಕ್ಕೈತಿ. ಆದ್ರ ಯಾರರೆ ಮತ್ತ ಬದಲಿ ಕೇಳಿದ್ರ ಮತ್ತ ಅದ ಹಾಡು. ಆ ಬದಲಿ ಗುಂಡೀನ ತೆಗೀಬೇಕು."

"ತೆಗಿ. ಅಲ್ಲೀತನಕ ಪರದಿ ಬ್ಯಾಡ" ಎಂದವಳೇ ಪರದೆಯ ವೈರನ್ನು ಕಿತ್ತಳು. "ಭಟ್ಟರ, ಇನ್ನ ಮ್ಯಾಲೆ ನಾ ಬಾಯಿಲೆ ಹೇಳ್ತೀನಿ. ಎಲ್ಲಾ ಮಸಾಲಿನೂ ಪೂರಾ ಮಸಾಲಿ. ಬೆಣ್ಣಿ, ಪಲ್ಯ, ಚಟ್ನಿ, ಏನೂ ಬಿಡಬ್ಯಾಡ್ರಿ."

ಆಮೇಲೆ ಅವಳು ಹೊರಗೆ ಬಂದು ಬೋಳು ದೋಸೆಗಳ ತಾಟುಗಳನ್ನೆಲ್ಲ ತಾನೇ ಎತ್ತಿದಳು. ಮರಾಠಿಯವರಿಗೆ ಮರಾಠಿಯಲ್ಲಿ ಕೈ ಮುಗಿದು, ಚುಕ್ಲಂ, ತಪ್ಪಾಯಿತು, ಈಗಲೇ ಬೇರೆ ಕೊಡುತ್ತೇನೆ ಎಂದಳು. ನಮ್ಮ ದಂಡಿನ ಮುಂದೆ ಬಂದಾಗ ಅವಳ ದನಿಯೇ ಬದಲಾಯಿತು.

"ಇವತ್ತ ಯಾರೂ ಏನೂ ಬದಲಿ ಕೇಳೂ ಹಂಗಿಲ್ಲ. ಬಂದದ್ದ ಬಂದಂಗ ತಿನ್ರಿ."

"ಅಲ್ಲವಾ, ಡಾಕ್ಟರ್ ಬೆಣ್ಣಿ..." ಎಂದು ಅಪ್ಪ ಶುರು ಮಾಡಿದರು.

"ಬೆಣ್ಣಿ ಬದಿಗೆ ಸರಿಸಿ ತಿನ್ರಿ ಅಪ್ಪಾ! ಇಲ್ಲಾಂದ್ರ ಚಹಾ ಕುಡದು ಮನಿಗೆ ಹೋಗ್ರಿ."

ಅಪ್ಪನಿಗೆ ಹಾಗೆ ಮಾತಾಡಿದವರನ್ನು ನಾನು ಅದುವರೆಗೆ ನೋಡಿರಲಿಲ್ಲ. ದಂಡು ಬಂದದ್ದನ್ನು ಬಂದ ಹಾಗೆ ತಿನ್ನತೊಡಗಿತು. ಹೊಸ ಹಲ್ಲಿನವರು ಮಾತ್ರ ಗರಿಗರಿ ದೋಸೆಯನ್ನು ಸಾಂಬಾರಿನಲ್ಲಿ ಮುಳುಗಿಸಿಟ್ಟು ಅದು ಮೆತ್ತಗಾಗುವುದನ್ನು ಕಾಯುತ್ತ ಕೂತರು.

ನಾನು ಉಗ್ರಾಣದ ಬಾಗಿಲಲ್ಲಿ ಕೂತು ಸರ್ವರನ್ನು ಬಂದ್ ಮಾಡಿ ಚಾಲೂ ಮಾಡಿ, ಬದಲಾವಣೆಯ ಗುಂಡಿಯನ್ನು ಕಿತ್ತುಹಾಕಿದೆ. ಕಿವಿಗೆ ಸಿಕ್ಕಿಸಿದ ಫೋನಿನಲ್ಲಿ ಪಾಲುದಾರ ಫೈನಲ್ ಮಾಡಿದ್ದೆನಲ್ಲ, ಫೈನಲ್ ಮಾಡಿದ್ದೆನಲ್ಲ ಎಂದು ಒಂದೇ ಜಪ. ಹೊರಗೆ ತಂಗಿಯ ದನಿ ಕಿಂಡಿಗೆ ಬಾಯಿಟ್ಟು ಆರ್ಡರ್ ಕೂಗುತ್ತಿತ್ತು, ಅವಳ ಗಂಡನ ಊರಿನ ಹಳೆಯ ವೇಟರ್‌ಗಳು ಕೂಗುವ ಹಾಗೇ. ಹೊರಗೆ ಹೋಗುವ ತಾಟುಗಳ ಮೇಲೆ ಅವಳ ಕಣ್ಣು, ಚಟ್ನಿ ಪಲ್ಯಗಳ ಮೇಲೆ ಅವಳ ಬೆರಳು. ಮಸಾಲೆ ಎಲ್ಲಿ ಎಂಬ ಪ್ರಶ್ನೆ ಮೆಲ್ಲಗೆ ನಿಂತಿತು. ಬೀಗರು ಮಾತ್ರ ಇನ್ನೂ ಕೂತಿರಲಿಲ್ಲ, ಪೂರ್ತಿ ಎದ್ದೂ ಇರಲಿಲ್ಲ.

ಆಗ ಅವರ ಫೋನ್ ಬಡಿದುಕೊಂಡಿತು. ಸಂಭಾಜಿನಗರದ ಹೋಟೆಲಿನಿಂದ.

"ಎಂತದು? ಪಲ್ಯ ಇಲ್ಲದೆಯಾ?... ಬೆಳಿಗ್ಗೆಯಿಂದ?... ಯಾರು ಹೇಳಿದ್ದು?... ನಾನಾ!"

ನನಗೆ ಆಗ ಹೊಳೆಯಿತು. ಎರಡೂ ಹೋಟೆಲಿಗೆ ಸರ್ವರ್ ಒಂದೇ. ಸರ್ವರ್ ಒಂದೇ ಎಂದ ಮೇಲೆ ದೋಸೆಯೂ ಒಂದೇ. ಓಝರ್ ದಂಡಿನ ಪಥ್ಯ ಅಲ್ಲಿಗೂ ಹೋಗಿ ಕೂತಿತ್ತು. ಅಲ್ಲಿಯ ಹಳೆಯ ಭಟ್ಟರು, ಬೀಗರ ಬಲಗೈ, ಪರದೆಯಲ್ಲಿ 'ಪಲ್ಯ ಇಲ್ಲ, ಎಣ್ಣೆ ಇಲ್ಲ' ಎಂದು ಮೂಡಿದ್ದನ್ನು ಕಂಡು, ಧಣಿಗಳು ನಾಸಿಕ್‌ನಲ್ಲಿ ಕೂತು ಅಲ್ಲಿಂದಲೇ ಹುಕುಂ ಕಳಿಸುತ್ತಿದ್ದಾರೆ ಎಂದು ತಿಳಿದರಂತೆ. ಧಣಿಗಳ ಹುಕುಮಿಗೆ ಎದುರಾಡುವುದುಂಟೆ? ಗಿರಾಕಿಗಳು ಬಾಯಿಗೆ ಬಂದಂತೆ ಬೈದು ಎದ್ದು ಹೋಗುತ್ತಿದ್ದರೂ ಒಬ್ಬರೂ ಒಂದು ಚೂರು ಹರಿದು ಬಾಯಿಗೆ ಹಾಕಿ ನೋಡಲಿಲ್ಲ. ಆ ಅಡುಗೆಮನೆಯಲ್ಲಿ ಯಾರೂ ಯಾವುದಕ್ಕೂ ಕೈ ಹಾಕುವ ಪದ್ಧತಿಯಿಲ್ಲವಲ್ಲ.

ಬೀಗರು ಫೋನ್ ಕಿಸೆಗಿಟ್ಟರು. ಹೆಗಲಿನ ಬೈರಾಸನ್ನು ತೆಗೆದು ಒಮ್ಮೆ ಕೊಡವಿದರು. ಸೊಂಟಕ್ಕೆ ಸುತ್ತಿ ಗಂಟು ಹಾಕಿದರು.

ಕಿಂಡಿಯ ಬಳಿ ತಂಗಿಯ ಕೂಗು ಅರ್ಧಕ್ಕೆ ನಿಂತಿತು. ಗಲ್ಲಾದಲ್ಲಿ ಅವಳ ಗಂಡ ಕಣ್ಣು ಮುಚ್ಚಿಕೊಂಡ. ನನಗೆ ಆ ಬಿಚ್ಚದ ಟ್ರಂಕು ನೆನಪಾಯಿತು. ಎಲ್ಲರ ಸಾರು ಕೆಡಿಸುವ ಮನೆಯಿಂದ ಬಂದು ಕೊನೆಗೆ ಅವಳ ಅನ್ನಕ್ಕೂ ಕೈ ಹಾಕಿದೆವಲ್ಲ ಎಂದು ನನ್ನ ಮೇಲೆ, ಅಪ್ಪನ ಮೇಲೆ, ಆ ಹಾಳು ಹಲ್ಲಿನ ಸೆಟ್ಟಿನ ಮೇಲೂ ಸಿಟ್ಟು ಬಂತು.

ಬೀಗರು ನಡೆದರು. ಅಡುಗೆಮನೆಯ ಕಡೆಗಲ್ಲ, ಹೊರಬಾಗಿಲಿನ ಕಡೆಗೆ.

ನಾನು ಓಡಿಹೋಗಿ, "ಈಗ ಅಲ್ಲೂ ಸರಿಯಾಗೇತ್ರಿ, ನೀವು ಹೋಗೂದು ಬ್ಯಾಡ" ಎಂದೆ.

"ನಿಮ್ಮ ಕಂಪ್ಯೂಟರ್ ಸರಿ ಆಗಿರಬಹುದು" ಎಂದು ಅವರು ಚಪ್ಪಲಿ ಮೆಟ್ಟಿದರು. ಸೊಸೆಯ ಕಡೆ ತಿರುಗಿ, "ಇಲ್ಲಿ ಕೈ ಹಾಕಿ ನೋಡ್ಲಿಕ್ಕೆ ನೀನಿದ್ದೀ. ಅಲ್ಲಿ ಯಾರಿದ್ದಾರೆ?" ಎಂದರು. ನಾಲ್ಕು ತಾಸಿನ ಹಾದಿ, ಸೊಂಟದ ಬೈರಾಸನ್ನೂ ಬಿಚ್ಚದೆ ಕಾರು ಹತ್ತಿ ಹೊರಟೇಹೋದರು.

ಶಾಖೆಯ ವಿಷಯ ಮಾತ್ರ ಎತ್ತಲಿಲ್ಲ. 'ನೋಡುವ' ಎಂಬುದು ಹಾಗೇ ಉಳಿಯಿತು. ತಂಗಿ ಮತ್ತೆ ಆ ನಾಲ್ಕು ಸೀರೆಗಳಲ್ಲೇ ದಿನ ದೂಡತೊಡಗಿದಳು. ಕೇಳು ಎಂದರೆ, "ಅವರ ಹೇಳಲಿ, ನಾ ಕೇಳೂದಿಲ್ಲ" ಎಂದಳು. ಬೀಗರು ಫೋನಿನಲ್ಲಿ ಅಕ್ಕಿಯ ಬಗ್ಗೆ, ಉದ್ದಿನ ಬಗ್ಗೆ, ಮೊಮ್ಮಗಳ ನೆಗಡಿಯ ಬಗ್ಗೆ ಮಾತಾಡುತ್ತಿದ್ದರು. ಅದೊಂದನ್ನು ಬಿಟ್ಟು.

ಇತ್ತ ನಾವಿಬ್ಬರು ಪಾಲುದಾರರು ದೋಸೆಯನ್ನು ಬುಡದಿಂದ ಮತ್ತೆ ಬರೆದೆವು. ಈ ಸಲ ಒಳಗಿನ ಪಲ್ಯಕ್ಕೂ ಬೀಗ, ಚಟ್ನಿಗೂ ಬೀಗ. ಯಾರಾದರೂ ಬೆಣ್ಣೆ ಬೇಡವೆಂದರೆ ಬೆಣ್ಣೆಯಿಲ್ಲದ ಹೊಸ ದೋಸೆಯೊಂದು ಅವರ ಪಾಲಿಗೆ ಮಾತ್ರ ಹುಟ್ಟುತ್ತದೆ, ಮೂಲದ ದೋಸೆ ತನ್ನ ಪಾಡಿಗೆ ತಾನು ಕೂತಿರುತ್ತದೆ. ಮುಗಿದ ಮೇಲೆ ಪಾಲುದಾರ ಚಹಾ ಕೆಳಗಿಟ್ಟು, "ತೂ ಬರೋಬರ್ ಹೋತೀಸ್" ಎಂದ. ನೀನು ಹೇಳಿದ್ದೇ ಸರಿಯಿತ್ತು ಎಂದು! ನಾನು ಅವನನ್ನು ಕೆಳಗೆ ಕರೆದುಕೊಂಡು ಹೋಗಿ ಝೆರಾಕ್ಸ್ ಅಂಗಡಿಯವರ ಮುಂದೆ ಅದನ್ನೇ ಇನ್ನೊಮ್ಮೆ ಹೇಳಿಸಿದೆ.

ಅಪ್ಪನಿಗೂ ಬಿಡಿಸಿ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು ಕೆಂಡವಾದರು. "ಅಂದ್ರ ಸಹಿ ಆದ ಡ್ರಾಯಿಂಗ್ ಮ್ಯಾಲೆ ಪೆನ್ಸಿಲ್ ಆಡಿಸಿದಿರೇನು! ಹೊಸಾದು ತೆಗೀಬೇಕಂತ ಸಣ್ಣಾಕಿ ಇದ್ದಾಗಿಂದ ಹೇಳಿಲ್ಲೇನು ನಿನಗ?" ಎಂದು ಬಹಳ ಹೊತ್ತು ಕೂಗಾಡಿದರು. ಕೂಗಾಡಿ ಗಂಟಲು ಒಣಗಿ ನೀರು ಕುಡಿಯಲು ಒಳಗೆ ಹೋದರು. ಹೋದವರು ಸಾರಿಗೆ ಒಂದು ಚಿಟಿಕೆ ಹಾಕಿಯೇ ಬಂದರು.

ಆಮೇಲೆ ಒಂದು ಮಧ್ಯಾಹ್ನ ನಾನು ಬಿಲ್ಲಿನ ಪ್ರಿಂಟರ್ ನೋಡಲು ತಂಗಿಯ ಹೋಟೆಲಿಗೆ ಹೋಗಿದ್ದೆ. ಹೇಳದೆ ಕೇಳದೆ ಬೀಗರು ಬಂದರು. ಮಗ ಗಲ್ಲಾದಿಂದ ಎದ್ದು ಜಾಗ ಬಿಟ್ಟ. ಅವರು ಆ ಕಡೆ ತಿರುಗಿಯೂ ನೋಡದೆ ಗೋಡೆ ಪಕ್ಕದ ಮೇಜಿಗೆ ಹೋಗಿ, ಯಾರೋ ಇಬ್ಬರು ಊಟ ಮಾಡುತ್ತಿದ್ದವರ ಎದುರು ಕೂತರು. ಕಾರ್ಡನ್ನು ಕೈಯಲ್ಲಿ ಹಿಡಿದು ಜೀವಮಾನದಲ್ಲಿ ನೋಡಿಲ್ಲವೆಂಬಂತೆ ಮೇಲಿಂದ ಕೆಳಗೆ ಓದಿದರು. ವೇಟರ್ ಬಂದ.

"ಒಂದು ಮಸಾಲೆ ದೋಸೆ" ಎಂದರು. ಕನ್ನಡಕ ತೆಗೆದು ಒರೆಸಿಕೊಂಡರು. "ಬೆಣ್ಣೆ ಸ್ವಲ್ಪ ಜಾಸ್ತಿ ಇರಲಿ. ಕೆಂಪು ಚಟ್ನಿ ಕಮ್ಮಿ."

ನಾನು ಅಡುಗೆಮನೆಗೆ ನುಗ್ಗಿದೆ. ನನ್ನ ಕಣ್ಣು ಹೋದದ್ದು ಪರದೆಗೆ. ಏಳೆಂಟು ಮಸಾಲೆ ದೋಸೆಗಳ ಸಾಲು, ಅದರಲ್ಲಿ ಒಂದೇ ಒಂದರ ಮುಂದೆ: ಬೆಣ್ಣೆ ಜಾಸ್ತಿ, ಕೆಂಪು ಚಟ್ನಿ ಕಮ್ಮಿ. ಉಳಿದವು ಇದ್ದ ಹಾಗೇ ಇದ್ದವು. ಫೋನಿನಲ್ಲಿ ತೆಗೆದು ನೋಡಿದರೆ ಸಂಭಾಜಿನಗರದವೂ ಹಾಗೇ. ನನಗೆ ಕುಣಿಯುವಷ್ಟು ಖುಷಿ.

ತಂಗಿಯೂ ಆ ಸಾಲನ್ನೇ ನೋಡುತ್ತಿದ್ದಳು. ಕಿಂಡಿಯಲ್ಲಿ ಬಗ್ಗಿ ಆ ಮೇಜಿನಲ್ಲಿ ಕೂತವರು ಯಾರೆಂದು ನೋಡಿದಳು.

"ಅಕ್ಕಾ, ಮಾವ ಬದಲಿ ಕೇಳ್ಯಾರ."

"ಕೇಳಲಿ ಬಿಡ, ಈಗೇನೂ ಆಗೂದಿಲ್ಲ. ಹೊಸಾ ಕೋಡ್ ಐತಿ, ಹೆದರಬ್ಯಾಡ."

"ನಿನ್ನ ಕೋಡಿಗಿಷ್ಟ ಬೆಂಕಿ ಹಚ್ಚ" ಎಂದಳು, ಕಣ್ಣು ತುಂಬಿಕೊಂಡು. "ಮಾವ ಬದಲಿ ಕೇಳ್ಯಾರ, ತಿಳೀತಿಲ್ಲೇನು ನಿನಗ?"

ಭಟ್ಟರನ್ನು ಸರಿಸಿ ಕಾವಲಿಯ ಮುಂದೆ ತಾನೇ ನಿಂತಳು. ದೋಸೆ ಹೊಯ್ದು, ಬೆಣ್ಣೆ ಹಾಕಿ, ಸ್ವಲ್ಪ ಎಂದದ್ದಕ್ಕಿಂತ ಬಹಳವೇ ಹಾಕಿ, ತಾನೇ ತಾಟು ಹಿಡಿದುಕೊಂಡು ಹೋಗಿ ಅವರ ಮುಂದಿಟ್ಟಳು. ಬೀಗರು ತಲೆಯೆತ್ತದೆ ಪೂರ್ತಿ ತಿಂದರು. ಕೈ ತೊಳೆದು ಬಂದು ಗಲ್ಲಾದ ಮುಂದೆ ನಿಂತು ಬಿಲ್ ಕೇಳಿದರು. ಮಗ ಗಾಬರಿಯಾಗಿ ಬೇಡ ಬೇಡವೆಂದು ಕೈ ಆಡಿಸಿದ.

"ಗಿರಾಕಿ ಹತ್ರ ದುಡ್ಡು ಬೇಡ ಅಂದ್ರೆ ಹೋಟೆಲ್ ನಡಿಯುವುದು ಹೇಗೆ ಮಾರಾಯ?" ಎಂದು ನೋಟು ಇಟ್ಟರು. ಚಿಲ್ಲರೆ ತೆಗೆದುಕೊಂಡು, ಬೈರಾಸನ್ನು ಹೆಗಲ ಮೇಲೆ ಸರಿಮಾಡಿಕೊಂಡು ಹೊರಗೆ ಹೋದರು.

ಆ ಸಂಜೆ ತಂಗಿ ಟ್ರಂಕು ಬಿಚ್ಚಿದಳು.